ಇಸ್ಮಾಯಿಲರು ಕೆಡಿಸಿದ ರೇಡಿಯೋ

ಔರಾದಿನಲ್ಲಿ ಬಸ್ಸಿಳಿದು ಪಂಢರಿ ಮಾಸ್ತರರ ಮನೆಗೆ ಬಂದ ಕುಬರಾ, ಅವರು ಮುಂದಿಟ್ಟ ಅಚ್ಚಿನ ಕರಡನ್ನು ಎರಡು ಸಲ ಓದಿದಳು. ಎರಡು ಸಲವೂ ಅದೇ ಇತ್ತು: ‘ವಾಯುಸೇನೆಯ ವೀರ ಮಹಮ್ಮದ ಇಸ್ಮಾಯಿಲರು ಸೆರೆಯಲ್ಲಿ ಶತ್ರು ಅಧಿಕಾರಿಯ ಕಪಾಳಕ್ಕೆ ಬಾರಿಸಿ ಗರ್ಜಿಸಿದರು.’

“ಇದು ಯಾರು ಬಾರಿಸಿದ್ದು ರೀ, ಮಾಸ್ತರ್?”

“ನಿಮ್ಮ ಅಬ್ಬಾನೇ, ತಂಗಿ.”

“ಹಂಗ ಬಾರಿಸಿದ್ದರ ಅಬ್ಬಾ ಅವತ್ತೇ ಮಣ್ಣಾಗ ಹೋಗ್ತಿದ್ದರು. ಭಾಲ್ಕ್ಯಾಗ ಕುಂತು ಚಹಾಕ್ಕ ಸಕ್ಕರಿ ಕಮ್ಮಿ ಅಂತ ನನಗ ಬೈಲಿಕ್ಕ ಯಾರಿರ್ತಿದ್ದರು?”

ಜಿಲ್ಲೆಯ ಸೈನಿಕರ ನೆನಪಿನ ಪುಸ್ತಕ ಬೀದರಿನಲ್ಲಿ ಬಿಡುಗಡೆಯಾಗುವುದಿತ್ತು. ಸಂಪಾದಕರು ನಿವೃತ್ತ ಶಿಕ್ಷಕ ಪಂಢರಿ ಮಾಸ್ತರರು. ಎಪ್ಪತ್ತೊಂದರ ಯುದ್ಧದಲ್ಲಿ ಇಸ್ಮಾಯಿಲರು ಹೆಲಿಕಾಪ್ಟರಿನ ರೇಡಿಯೋ ನೋಡಿಕೊಳ್ಳುತ್ತಿದ್ದರು. ಅದು ಗಡಿಯಾಚೆ ಬಿತ್ತು. ಒಂದು ವರ್ಷ ಪಾಕಿಸ್ತಾನದ ಸೆರೆಯಲ್ಲಿ ಕಳೆದರು. ಈಚೆಗೆ ಎರಡು ವರ್ಷ ಅವರ ಪಕ್ಕದಲ್ಲಿ ಕೂತು, ಅವರು ದಖನಿ ಉರ್ದುವಿನಲ್ಲಿ ಹೇಳಿದ್ದನ್ನೆಲ್ಲ ಮಗಳು ಕುಬರಾ ಕನ್ನಡದಲ್ಲಿ ಬರೆದಿದ್ದಳು. ಹೋದ ವರ್ಷ ಹೇಳಿದ್ದು ಈ ವರ್ಷ ಅವರಿಗೇ ನೆನಪಿಲ್ಲ. ಈಗ ಉಳಿದಿರುವುದು, ಪುಸ್ತಕಕ್ಕೆಂದು ಮಾಸ್ತರರಿಗೆ ಕೊಟ್ಟಿದ್ದ ಆ ನೋಟಬುಕ್ ಒಂದೇ.

“ನನ್ನ ನೋಟಬುಕ್ ಕೊಡ್ರಿ.”

ತೆರೆದು ನೋಡಿದರೆ ಮೂರು ಪುಟಗಳ ಮೇಲೆ ಅಡ್ಡಡ್ಡ ಕೆಂಪು ಗೆರೆ. ಕುಬರಾ ಅವನ್ನು ಮಾಸ್ತರರ ಮುಂದೆ ಹಿಡಿದಳು.

“ಸಿಟ್ಟಾಗಬ್ಯಾಡ. ಪಹರೆಯವನ ರೇಡಿಯೋ ರಿಪೇರಿ ಮಾಡಿಕೊಟ್ಟರು ಅಂತ ಛಾಪಿಸಿದರ ಮಂದಿ ಏನಂದಾರು? ಅದರಾಗ ನೀವು...” ಮಾಸ್ತರರು ನೀರಿನ ತಂಬಿಗೆಗೆ ಕೈ ಹಾಕಿದರು.

“ನಾವು ಏನು? ಹೇಳ್ರಿ.”

“ನಿಮ್ಮ ಮಾನಾ ಕಾಯ್ಲಿಕ್ಕತ್ತೇನಿ, ತಂಗಿ.”

“ಮುಂದಿನ ಪುಟ ಓದ್ರಿ. ಜೋರಾಗಿ ಓದ್ರಿ.”

ಮಾಸ್ತರರು ಓದತೊಡಗಿದರು. ರಿಪೇರಿ ಮಾಡಿ ಕೊಡುವ ಮುನ್ನ ಇಸ್ಮಾಯಿಲರು ಒಳಗಿನ ಒಂದು ತಂತಿಯನ್ನು ಸಡಿಲ ಬಿಡುತ್ತಿದ್ದರು. ಮೂರನೇ ದಿನಕ್ಕೆ ರೇಡಿಯೋ ಮೂಕವಾಗುತ್ತಿತ್ತು. ಪಹರೆಯ ಸುಭಾನ ಮತ್ತೆ ತರುತ್ತಿದ್ದ. ಪರೀಕ್ಷಿಸುವ ನೆಪದಲ್ಲಿ ಏಳು ಜನ ಕೈದಿಗಳು ತಲೆಗೆ ತಲೆ ಹಚ್ಚಿ ತಮ್ಮ ದೇಶದ ವಾರ್ತೆ ಕೇಳುತ್ತಿದ್ದರು. ಮನೆಗೆ ಹೋಗುವ ಮಾತು ನಡೆದಿದೆಯೆಂದು ಅವರಿಗೆ ತಿಳಿದದ್ದೇ ಹಾಗೆ.

ಮಾಸ್ತರರ ದನಿ ಇಳಿಯಿತು. “ಇದನ್ನ ನಾ ಓದೇ ಇಲ್ಲ. ರಿಪೇರಿ ಅಂತ ಕಂಡದ್ದೇ ಗೆರಿ ಎಳದಬಿಟ್ಟೆ. ಇದನ್ನ ಹಾಕೋಣು, ಖರೇ ಹಾಕೋಣು.”

ಓದು ಮುಂದುವರಿಯಿತು. ಬಿಡುಗಡೆಯ ದಿನ ಸುಭಾನ ಇಸ್ಮಾಯಿಲರ ಕೈ ಹಿಡಿದು ಹೇಳಿದ್ದ: ‘ಉಸ್ತಾದ್, ಆ ತಂತಿ ನನಗೂ ಕಾಣುತ್ತಿತ್ತು.’

ಮಾಸ್ತರರು ಮತ್ತೆ ಪೆನ್ನು ತೆಗೆದರು. “ಇದೊಂದು ಮಾತ್ರ ಬ್ಯಾಡ. ವೈರಿ ಒಳ್ಳೇಂವಾ ಅಂದಂಗ ಆಗ್ತದ.”

ಕುಬರಾ ಎದ್ದು ನಿಂತಳು. “ವಾಪಸ್ ಬಂದ ಮ್ಯಾಲ ನಮ್ಮ ಮಿಲಿಟ್ರಿಯವರೇ ಅಬ್ಬಾಗ ದಿನಗಟ್ಟಲೆ ಕುಂಡರಿಸಿ ಕೇಳಿದರು: ಅಲ್ಲಿ ಯಾರ ಜೋಡಿ ಮಾತಾಡಿದಿ, ಏನು ಹೇಳಿದಿ ಅಂತ. ಈ ಸುಭಾನನ ಮಾತೂ ಮುಚ್ಚಿಡದೆ ಖರೇ ಹೇಳಿ ಮನಿಗೆ ಬಂದಾರ. ಐವತ್ತು ವರ್ಷ ಆದ ಮ್ಯಾಲ ಅವರ ಬಾಯಾಗ ಸುಳ್ಳ ತುರುಕಲಿಕ್ಕ ನೀವು ಯಾರ್ರಿ?”

ಅವರ ಕೈಯಿಂದ ಪೆನ್ನು ಕಸಿದು, ಕರಡಿನಲ್ಲಿದ್ದ ಅಬ್ಬಾನ ಹೆಸರಿನ ಮೇಲೆ ಗೀಚಿದಳು.

“ಕಪಾಳಕ್ಕ ಬಾರಿಸಿದವರು ನೀವು. ನಿಮ್ಮ ಹೆಸರೇ ಹಾಕ್ಕೋರಿ.”

“ತಂಗಿ, ಬೀದರದಾಗ ನಿಮ್ಮ ಅಬ್ಬಾಗ ಶಾಲು ಹೊದಿಸೋರಿದ್ದರು...”

“ಮನ್ಯಾಗ ರಗ್ಗು ಅದ ರೀ ಅವರಿಗಿ.”

ಭಾಲ್ಕಿಯ ಬಸ್ಸಿನಲ್ಲಿ ನೋಟಬುಕ್ಕನ್ನು ಎದೆಗವಚಿ ಕೂತಳು. ಗೆರೆ ಬಿದ್ದ ಮೂರು ಪುಟಗಳನ್ನು ಹೊಸ ನೋಟಬುಕ್ಕಿನಲ್ಲಿ ಮೊದಲಿನಿಂದ ಬರೆಯಬೇಕು. ಬರೆದು ಅಬ್ಬಾನಿಗೇ ಓದಿ ಹೇಳಬೇಕು, ಸುಭಾನನ ಹೆಸರು ಅವರಿಗಿನ್ನೂ ಗುರುತಿರುವಾಗಲೇ.