ಕಲ್ಲಿನ ಕೆಳಗಿನ ಮನೆ

ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗಬೇಕು ಎಂಬುದು ಎಲ್ಲರ ನಿಯಮ. ಆ ತವರು ಬಾಡಿಗೆಯದಾಗಿರಬಾರದು ಎಂಬುದು ಕಿತ್ತೂರಿನ ಯಲ್ಲವ್ವ ತಾನಾಗಿ ಸೇರಿಸಿದ ನಿಯಮ. ಯಲ್ಲವ್ವ ನನ್ನ ತಂಗಿ ದೇವಕ್ಕನ ಬೀಗಿತ್ತಿ.

ಬೈಲಹೊಂಗಲದಲ್ಲಿ ದೇವಕ್ಕನ ಗಂಡ ಬಸವಲಿಂಗನೂ ಅವನ ಅಣ್ಣನೂ ಬೇರೆಯಾದಾಗ ಅರಳೆಯ ಅಂಗಡಿ ಇವನಿಗೆ ಬಂದಿತು, ಮನೆ ಅಣ್ಣನಿಗೆ ಹೋಯಿತು. ಇವರು ಬಾಡಿಗೆಯ ಮನೆ ಹಿಡಿದರು. ಇವರ ಮಗಳು, ತನ್ನ ಸೊಸೆ ಶಿವಾನಿ ಬಸಿರಾದ ಸುದ್ದಿಯನ್ನು ತಿಳಿಸಲು ಬಂದ ಯಲ್ಲವ್ವ ಚಹಾ ಕುಡಿದು, ಕಪ್ಪುಬಸಿಯನ್ನು ಕೆಳಗಿಟ್ಟು, ಮಾಳಿಗೆಯ ಜಂತಿಗಳನ್ನು ಒಮ್ಮೆ ನೋಡಿದಳು.

"ಮಾಲಕರು ಖಾಲಿ ಮಾಡ್ರಿ ಅಂದ್ರ ಬಾಣಂತಿನ್ನ ಎಲ್ಲಿ ಇಡಾವ್ರವಾ?"

ಬಸವಲಿಂಗ ಮಾರನೆಯ ದಿನದಿಂದಲೇ ಮನೆ ಹುಡುಕತೊಡಗಿದ. ಅವಸರದಲ್ಲಿ ಹುಡುಕುವವನಿಗೆ ಅವಸರದಲ್ಲಿ ಮಾರುವವನು ಸಿಗುತ್ತಾನೆ. ಸವದತ್ತಿಯ ಕಡೆಯ ಗುತ್ತಿಗೆದಾರ ಪರಪ್ಪ ಹಾಗೆ ಸಿಕ್ಕ.

ಎರಡು ಸಾವಿರದ ಐದನೆಯ ಇಸವಿಯ ಶಿವರಾತ್ರಿಗೆ ಮುಂಚೆ ನಾವು ಆ ಮನೆಯನ್ನು ನೋಡಲು ಹೋದೆವು. ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿ, ಇಳಿಜಾರಿನ ನಡುವೆ, ಒಂಟಿಯಾಗಿ ನಿಂತ ಕಲ್ಲುಮನೆ. ನೀರಿನ ನೋಟಕ್ಕಾಗಿಯೇ ಕಟ್ಟಿದ್ದು: ಪಡಸಾಲೆ, ಬಾಗಿಲು, ಕಿಟಕಿ ಎಲ್ಲವೂ ಜಲಾಶಯದ ಕಡೆಗೆ. ಗುಡ್ಡಕ್ಕೆ ಆತುಕೊಂಡ ಹಿಂಗೋಡೆಗೆ ಒಂದು ಬೆಳಕಿಂಡಿಯೂ ಇರಲಿಲ್ಲ. ದೂರದಲ್ಲಿ ನವಿಲುತೀರ್ಥದ ಅಣೆಕಟ್ಟು, ಅದರ ಆಚೆ ವಿದ್ಯುತ್ ಘಟಕದ ತಂತಿಗಂಬಗಳು. ಬರಗಾಲದ ವರ್ಷಗಳಲ್ಲಿ ನೀರು ಬಹಳ ಹಿಂದಕ್ಕೆ ಸರಿದಿತ್ತು. ನೀರು ಬಿಟ್ಟ ನೆಲದಲ್ಲಿ ಕಡಲೆ, ಕುಸುಬೆ ಬಿತ್ತಿದ್ದರು. ಆ ಹೊಲಗಳಿಗೂ ಮನೆಗೂ ನಡುವೆ ಜಾಲಿಯ ಒಂದು ಸಾಲು ಹಸಿರಾಗಿ ಹಬ್ಬಿತ್ತು.

"ತುಂಬಿದಾಗ ನೀರು ಎಲ್ಲಿತನಕಾ ಬರತೈತಿ?" ಎಂದು ನಾನು ಪರಪ್ಪನನ್ನು ಕೇಳಿದೆ.

"ಲೆಕ್ಕದ ಮಾಸ್ತರ್ರು, ಕೇಳೇ ಕೇಳ್ತೀರಂತ ಗೊತ್ತಿತ್ರಿ. ಆ ಜಾಲಿ ನೋಡ್ರಿ. ಗಿಡಾ ಎಲ್ಲರೆ ನೀರಾಗ ನಿಂತು ಬೆಳಿತಾವೇನು? ನೀರು ಅದರ ಕೆಳಗ ನಿಲ್ತೈತಿ. ಮನಿ ಎಷ್ಟ ಮ್ಯಾಲೈತಿ, ನೀವ ಹೇಳ್ರಿ."

ತರ್ಕ ಸರಿಯಾಗಿತ್ತು. ಆದರೆ ಆ ಜಾಲಿಯ ಕಾಂಡಗಳು ನನ್ನ ಮುಂಗೈಗಿಂತ ದಪ್ಪವಿರಲಿಲ್ಲ; ಬರಗಾಲದ ವರ್ಷಗಳಲ್ಲೇ ಎದ್ದವುಗಳಂತಿದ್ದವು.

"ಈ ಗಿಡಾ ಎಷ್ಟ ವರ್ಷದ್ದು?"

"ಗಿಡದ ಜಾತಕಾ ನಾ ಬರಸಿಲ್ರಿ ಮಾಸ್ತರ್ರ."

ಬಸವಲಿಂಗ ನಕ್ಕ. ನಾನು ಮತ್ತೆ ಕೇಳುವಷ್ಟರಲ್ಲಿ ಮನೆಯ ಹಿಂದಿನಿಂದ ದೇವಕ್ಕ ಕರೆದಳು. ಹಿಂಗೋಡೆಯ ಆಚೆ, ಇಳಿಜಾರಿನ ಮೇಲೆ, ಮನೆಯ ಸೂರಿನ ಎತ್ತರದಲ್ಲಿ ಒಂದು ದುಂಡನೆಯ ಕರಿಗಲ್ಲು. ಅದರ ಬುಡದಲ್ಲಿ ಹಸಿರು ಬಳೆಗಳ ಚೂರುಗಳು, ಬಣ್ಣ ಹೋದ ಒಂದು ಕುಬಸದ ಕಣ, ಒಣಗಿ ಬಿರಿದ ತೆಂಗಿನ ಚಿಪ್ಪು. ದೇವಕ್ಕ ಚಪ್ಪಲಿ ಬಿಟ್ಟು, ಸೆರಗು ಹೊದ್ದು ಕೈಮುಗಿದು ನಿಂತಿದ್ದಳು. ಸವದತ್ತಿಯ ಗುಡ್ಡದ ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆತನ ಅವರದು. ಹಸಿರು ಬಳೆ ಕಂಡಲ್ಲಿ ಅವರಿಗೆ ದೇವಿ ಕಾಣುತ್ತಾಳೆ.

"ತಾಯಿ ಬೆನ್ನ ಹಿಂದ ಕುಂತಾಳ," ಎಂದಳು. "ಬ್ಯಾರೆ ಮನಿ ನೋಡೂದು ಬ್ಯಾಡ."

ಪರಪ್ಪ ಕಲ್ಲನ್ನು ನೋಡಿದ, ನಮ್ಮನ್ನು ನೋಡಿದ, ಏನೂ ಹೇಳಲಿಲ್ಲ. ಮನೆ ಖರೀದಿಯಾಯಿತು.

ಬಸಿರಿಯ ಕುಬಸದ ಶಾಸ್ತ್ರ ಮುಗಿಸಿಕೊಂಡು ಶಿವಾನಿ ಬೇಸಿಗೆಯಲ್ಲಿ ಅಲ್ಲಿಗೆ ಬಂದಳು. ದೇವಕ್ಕ ಮಂಗಳವಾರ, ಶುಕ್ರವಾರ ಕಲ್ಲಿಗೆ ನೀರು ಹಾಕಿ ಕುಂಕುಮ ಇಡುತ್ತಿದ್ದಳು. ಎಲ್ಲವೂ ನೆಟ್ಟಗೆ ಸಾಗಿತು.

ಆಷಾಢ ಮುಗಿಯುವ ಹೊತ್ತಿಗೆ ನಾನು ಅಲ್ಲಿಗೆ ಹೋದೆ. ಬೈಲಹೊಂಗಲದಲ್ಲಿ ಮಳೆ ಇರಲಿಲ್ಲ. ಸವದತ್ತಿಯಲ್ಲಿಯೂ ಬರಿಯ ತುಂತುರು. ಮಳೆ ಬೀಳುತ್ತಿದ್ದುದು ದೂರದಲ್ಲಿ, ಹೊಳೆ ಹುಟ್ಟುವ ಖಾನಾಪುರದ ಕಾಡಿನಲ್ಲಿ. ಹೀಗಾಗಿ ನೀರು ಸದ್ದಿಲ್ಲದೆ ಏರುತ್ತಿತ್ತು. ಕುಸುಬೆಯ ಕೂಳೆ ಕಾಣದಾಯಿತು. ಕೆಂಪು ನೀರು ಜಾಲಿಯ ಬುಡಕ್ಕೆ ಬಂದಿತು. ಒಂದು ಬೆಳಿಗ್ಗೆ ಜಾಲಿಯ ತುದಿಗಳ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ಕುಳಿತಿದ್ದವು. ಮರುದಿನ ಅವು ಬರಲಿಲ್ಲ. ಕುಳಿತುಕೊಳ್ಳಲು ತುದಿಗಳಿರಲಿಲ್ಲ.

ಬಸವಲಿಂಗ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. "ಈಗ ಖರೇ ನೀರ ದಂಡಿ ಮನಿ ಆತ ನೋಡ್ರಿ, ಮಾವಾರ."

"ಜಾಲಿ ಮುಣಗೇತಿ, ಬಸವಲಿಂಗ. ಪರಪ್ಪ ಹೇಳಿದ ಗುರುತು ಅದೊಂದ. ಇನ್ನ ಇದಕ್ಕ ಮಿತಿ ಯಾವದು?"

"ಮನಿ ಇನ್ನಾ ಮ್ಯಾಲೈತಲ್ರೀ."

"ಶಿವಾನಿನ್ನ ಇವತ್ತ ಬೈಲಹೊಂಗಲಕ್ಕ ಕರಕೊಂಡು ನಡಿ. ನಮ್ಮ ಮನ್ಯಾಗ ಹಡೀಲಿ."

"ಸ್ವಂತ ಮನಿ ಇಟಗೊಂಡು ಸೋದರಮಾವನ ಮನ್ಯಾಗ ಹಡದ್ಲು ಅಂತ ಯಲ್ಲವ್ವ ಕಿತ್ತೂರ ತುಂಬ ಸಾರತಾಳ್ರಿ."

ವಾದ ಮುಂದುವರಿಯಲಿಲ್ಲ. ಆ ಮಧ್ಯಾಹ್ನ ಶಿವಾನಿಗೆ ದಿನಕ್ಕೆ ಮುಂಚೆಯೇ ಬೇನೆ ಕಾಣಿಸಿತು. ಸವದತ್ತಿಗೆ ಹೋಗುವ ದಾರಿಯ ಹಳ್ಳದಲ್ಲಿ ಹಿನ್ನೀರು ಹೊಕ್ಕು ಗಾಡಿ ದಾಟದಾಗಿತ್ತು. ಗುಡ್ಡದ ಮೇಲಿನ ಊರಿನಿಂದ ಸುಂದರವ್ವನನ್ನು ಕರೆತಂದರು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳ್ಳಿಯವರು ಮೇಲೆ ಬಂದು ನೆಲೆಸಿದ ಊರು ಅದು; ಅಲ್ಲಿ ಹೆರಿಗೆ ಮಾಡಿಸುವವಳು ಆಕೆ. ಸಂಜೆಗೆ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಕ್ಷೇಮ.

ಮರುದಿನ ಮಗುವಿಗೆ ಎರೆಯಲು ಬಂದ ಸುಂದರವ್ವ ಮನೆಯ ಹಿಂದೆ ಹೋಗಿ ಬಂದು ದೇವಕ್ಕನನ್ನು ಕೇಳಿದಳು:

"ಎಕ್ಕಾ, ಆ ಕಲ್ಲಿಗೆ ಕುಂಕುಮಾ ಯಾರು ಇಟ್ಟಾರ್ರಿ?"

"ನಾನ. ತಾಯಿಗೆ."

"ಯಾವ ತಾಯಿಗ್ರಿ? ಅಲ್ಲಿ ದೇವ್ರಿಲ್ಲ." ಸುಂದರವ್ವನ ದನಿಯಲ್ಲಿ ಹಂಗಿಸುವಿಕೆ ಇರಲಿಲ್ಲ. "ಹೊಳಿ ಪೂರಾ ತುಂಬಿದಾಗ ನಮ್ಮೂರ ಹೆಣಮಕ್ಳು ಬಂದು ಗಂಗವ್ವಗ ಉಡಿ ತುಂಬತೇವ್ರಿ. ನೀರಿನ ದಂಡ್ಯಾಗ ತುಂಬಬೇಕಲ್ಲ? ನೀರು ಆ ಕಲ್ಲಿಗೆ ಬಂದು ನಿಲ್ತಿತ್ತು. ಬಳಿ, ಕಣಾ ಅಲ್ಲೇ ಬಿಟ್ಟು ಹೋಗ್ತಿದ್ವಿ. ಈಗ ಎಷ್ಟೋ ವರ್ಷ ಆತು, ತುಂಬೇ ಇಲ್ಲ."

ದೇವಕ್ಕ, ಬಸವಲಿಂಗ, ನಾನು ಮೂವರೂ ಒಟ್ಟಿಗೆ ಆ ಕಲ್ಲಿನ ಎತ್ತರಕ್ಕೇ ಇದ್ದ ಸೂರನ್ನು ನೋಡಿದೆವು.

"ಮತ್ತ ನೀವೆಲ್ಲಾ ಯಾಕ ಹೇಳಲಿಲ್ಲ?" ಎಂದ ಬಸವಲಿಂಗ.

"ಈ ಕಡೆ ನೆಲಾ ಎಲ್ಲಾ ಹಂಗ್ರಿ ಯಪ್ಪಾ. ಮುಣಗಿದ ಹೊಲಕ್ಕ ಪರಿಹಾರನೂ ತಗೊಂಡೇವಿ, ನೀರು ಇಳಿದ್ರ ಬಿತ್ತತೇವಿ, ನಮ್ಮನಮ್ಮೊಳಗ ಕೊಡೂದು ತಗೊಳ್ಳೂದೂ ಮಾಡತೇವಿ. ಗೊತ್ತಿದ್ದ ತಗೊಂಡೀರಿ ಅನಕೊಂಡ್ವಿ. ಶ್ರೀಮಂತರು, ಬ್ಯಾಸಗಿಗೆ ಬರಾವ್ರು ಅಂತ."

ಅದು ಅಲ್ಲಿ ಎಲ್ಲರಿಗೂ ತಿಳಿದ ಮಾತಾದ್ದರಿಂದಲೇ ಯಾರೂ ನಮಗೆ ಹೇಳಿರಲಿಲ್ಲ. ಪರಪ್ಪನ ವಿಚಾರದಲ್ಲಿ ಆ ಸಮಾಧಾನವನ್ನು ಹೇಳಲಾರೆ.

"ಈಗಲೇ ಹೊರಡೋಣು," ಎಂದೆ ನಾನು.

ಅಲ್ಲಿ ದೇವಕ್ಕ ಅಡ್ಡ ನಿಂತಳು. ಐದನೆಯ ದಿನ ದೇವತೆ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಅಲ್ಲಿಯವರೆಗೆ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಇದು ನಮ್ಮ ತಾಯಿಯ ಕಾಲದ ನಡಾವಳಿ. ಕಲ್ಲಿನ ವಿಷಯದಲ್ಲಿ ಮೋಸಹೋದ ಮೇಲೆ ದೇವಕ್ಕ ಇದೊಂದನ್ನು ಬಿಗಿಯಾಗಿ ಹಿಡಿದಳು.

"ದಾಟಿದ್ರ ಕೂಸು ಉಳಿಯೂದಿಲ್ಲ," ಎಂದಳು.

"ದಾಟದಿದ್ರ?" ಎಂದೆ.

ಆಕೆ ಒಳಗೆ ಹೋಗಿ ಬಾಣಂತಿಯ ಕೋಣೆಯ ಬಾಗಿಲು ಮುಂದೆ ಮಾಡಿದಳು. ಒಳಗಿನಿಂದ ಶಿವಾನಿ, "ಯವ್ವಾ, ಏನಂತ? ಯಾಕ ಎಲ್ಲಾರೂ ಸಣ್ಣ ದನಿಲೆ ಮಾತಾಡಾಕ ಹತ್ತೀರಿ?" ಎಂದು ಕೇಳಿದ್ದು ನಮಗೆಲ್ಲ ಕೇಳಿಸಿತು.

ಮೂರನೆಯ ದಿನ ನೀರು ಅಂಗಳಕ್ಕೆ ಬಂದು ತುಳಸಿಕಟ್ಟೆಯನ್ನು ಸುತ್ತಿತು. ಅಣೆಕಟ್ಟಿನ ಬಾಗಿಲುಗಳನ್ನು ಅಳತೆಯಿಟ್ಟು ತೆರೆಯುತ್ತಿದ್ದರು. ಒಮ್ಮೆಗೇ ಬಿಟ್ಟರೆ ಕೆಳಗೆ ತೊರಗಲ್ಲು, ರಾಮದುರ್ಗದ ಕಡೆಯ ದಂಡೆಗಳು ತಾಳುವಂತಿರಲಿಲ್ಲ. ಮೇಲಿನ ಊರಿನಲ್ಲಿ ಜನ ಸಂತೋಷದಿಂದಿದ್ದರು. ಬರಗಾಲ ಮುಗಿದಿತ್ತು. ಅವರು ಬಾರಿಸುವ ಹಲಗೆಯ ಸದ್ದು ಗುಡ್ಡದಿಂದ ಇಳಿದು ಪಡಸಾಲೆಯೊಳಕ್ಕೆ ಬರುತ್ತಿತ್ತು. ನೀರಿನ ಜೊತೆಗೆ ಇಲಿಗಳೂ ಹಾವುಗಳೂ ಮೇಲೇರಿ ಬಂದವು. ಬಸವಲಿಂಗ ಕುರ್ಚಿಯನ್ನು ಒಳಗೆ ತೆಗೆದುಕೊಂಡ.

ನಾಲ್ಕನೆಯ ದಿನ ಬೆಳಿಗ್ಗೆ ಪಡಸಾಲೆಯ ನೆಲ ಒದ್ದೆಯಾಯಿತು. ಬಸವಲಿಂಗ ಕೋಣೆಯ ಮುಂದೆ ನಿಂತು ಹೆಂಡತಿಯನ್ನು ಬೇಡಿಕೊಂಡ, ಬೈದ, ಮತ್ತೆ ಬೇಡಿಕೊಂಡ. ಆಕೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ಇನ್ನೊಂದ ದಿನಾ," ಎಂದಳು. "ನಾಳಿ ಸಂಜಿಮಟಾ."

ನೀರಿಗೆ ನಾಳೆಯ ಸಂಜೆಯವರೆಗೆ ಕಾಯುವ ಕಾರಣವಿರಲಿಲ್ಲ. ಬಸವಲಿಂಗ ಕೋಣೆಯ ಹಿಂಗೋಡೆಯನ್ನು ನೋಡಿದ. ಅನಂತರ ತಗ್ಗಿದ ದನಿಯಲ್ಲಿ ಕೇಳಿದ:

"ಹೊಸ್ತಿಲಾ ದಾಟಬಾರದು. ಅಷ್ಟ ಹೌದಲ್ಲೋ?"

"ಅಷ್ಟ."

ಅವನು ಅಡುಗೆಮನೆಯ ಮೂಲೆಯಲ್ಲಿದ್ದ ಹಾರೆಯನ್ನು ತಂದು ಬಾಣಂತಿಯ ಕೋಣೆಯ ಹಿಂಗೋಡೆಗೆ ಹಾಕಿದ. ಮೊದಲ ಪೆಟ್ಟಿಗೆ ಮಗು ಅತ್ತಿತು. ಶಿವಾನಿ ತಾಯಿಯನ್ನು ಹಿಡಿದುಕೊಂಡಳು. ಮೇಲಿನ ಊರಿನಿಂದ ಇಳಿದು ಬಂದ ಸುಂದರವ್ವನ ಗಂಡ ಬಸಯ್ಯ ಹೊರಗಿನಿಂದ ಗುದ್ದಲಿ ಹಾಕಿದ. ನಾನು ಕಲ್ಲುಗಳನ್ನು ಎಳೆದು ಬದಿಗಿಟ್ಟೆ. ಇಡೀ ಜನ್ಮದಲ್ಲಿ ಒಂದು ಮನೆಯನ್ನು ಕೊಂಡ ಮನುಷ್ಯ ಅದನ್ನು ತನ್ನ ಕೈಯಿಂದ ಒಡೆಯುತ್ತಿದ್ದ. ಅವನ ಮುಖದಲ್ಲಿ ದುಃಖವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಗೋಡೆ ಒಬ್ಬರು ದಾಟುವಷ್ಟು ಬಿಚ್ಚಿಕೊಂಡಾಗ ಮುಂಬಾಗಿಲಿನ ನೀರು ಹೊಸ್ತಿಲನ್ನು ದಾಟಿ ನಡುಮನೆಗೆ ಬಂದಿತ್ತು. ಶಿವಾನಿಯನ್ನು ಕಂಬಳಿಯಲ್ಲಿ ಕೂಡಿಸಿ ಆ ಕಿಂಡಿಯಿಂದ ಇಳಿಜಾರಿಗೆ ಎತ್ತಿದೆವು. ಕೊನೆಗೆ ದೇವಕ್ಕ ಮಗುವಿನೊಂದಿಗೆ ಬಂದಳು. ಒಡೆದ ಗೋಡೆಯ ಅಂಚಿನಲ್ಲಿ ಆಕೆ ಒಂದು ಕ್ಷಣ ನಿಂತು, ಯಾವ ಕಾಲನ್ನು ಮುಂದಿಡಬೇಕೆಂದು ತಿಳಿಯದೆ ನನ್ನನ್ನು ನೋಡಿದಳು. ನಾನು ಕೈಹಿಡಿದು ಎಳೆದುಕೊಂಡೆ.

ಐದನೆಯ ದಿನದ ಸಂಜೆ ನಾವು ಸುಂದರವ್ವನ ಮನೆಯಲ್ಲಿದ್ದೆವು. ಆಕೆ ನೆಲ ಸಾರಿಸಿ, ಶೆಟಿಗೆವ್ವ ಬರೆಯಲೆಂದು ಬಿಳಿಯ ಹಾಳೆಯನ್ನೂ ಲೇಖನಿಯನ್ನೂ ಇಟ್ಟು ದೀಪ ಹಚ್ಚಿದಳು. ಶಿವಾನಿ ನಿದ್ದೆಹೋಗಿದ್ದಳು. ಮಗು ಹಾಲು ಕುಡಿದು ಮಲಗಿತ್ತು. ಅದರ ಉಸಿರು ಸಮವಾಗಿತ್ತು. ಬಸವಲಿಂಗನ ಅಂಗೈಗಳು ಬೊಬ್ಬೆಯೆದ್ದಿದ್ದವು. ಅವುಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ.

ದೇವಕ್ಕ ದೀಪದ ಹತ್ತಿರಕ್ಕೆ ಬರಲಿಲ್ಲ. ಬಾಗಿಲಲ್ಲಿ ನಿಂತು ಕೆಳಗಿನ ನೀರನ್ನು ನೋಡುತ್ತಿದ್ದಳು. ರಾತ್ರಿಯಿಡೀ ಭರದಿಂದ ಏರಿದ ನೀರಿನಲ್ಲಿ ಮನೆ ಇದ್ದುದಕ್ಕೆ ಈಗ ಯಾವ ಗುರುತೂ ಇರಲಿಲ್ಲ.

"ಅಣ್ಣಾ," ಎಂದಳು. "ಕೂಸು ಹುಟ್ಟಿದ್ದು ಆ ಮನ್ಯಾಗ. ಶೆಟಿಗೆವ್ವ ಈಗ ಯಾವ ಮನಿಗಿ ಹೋಗಿರಬೇಕು?"

"ಇಲ್ಲಿ ದೀಪಾ ಐತಿ. ಇಲ್ಲೇ ಬರತಾಳ."

"ಕರದಿದ್ದು ಅಲ್ಲಿಗೆ."

ಆಕೆ ತಿರುಗಿ ಬಂದು ಮಗುವಿನ ಪಕ್ಕದಲ್ಲಿ ಕುಳಿತಳು. ಮಗುವಿನ ಕೈಯನ್ನು ಮುಟ್ಟಿದಳು, ಕಾಲನ್ನು ಮುಟ್ಟಿದಳು, ಬರಹ ಬಿದ್ದಿದೆಯೋ ಇಲ್ಲವೋ ತಿಳಿಯದ ಆ ಹಣೆಯ ಮೇಲೆ ಕುಂಚಿಗೆಯನ್ನು ಎಳೆದು ಮುಚ್ಚಿದಳು.