ಎಡಕ್ಕ ಎರಡು ಬೆರಳು ಹೆಚ್ಚು

ಗಂಡ ದಿನಾ ಮನಿಯಾಗ ಕುಂತ್ರ ಏನಾಗತೈತಿ ಅನ್ನೂದು ಸಾತವ್ವಗ ಆ ಚಳಿಗಾಲದ ತನಕ ಗೊತ್ತ ಇದ್ದಿಲ್ಲ. ಜಕ್ಕಪ್ಪ ಕಾಲು ಬಂದಾಗಿಂದ ಕುರಿ ಹಿಂದ ತಿರುಗಿದಾಂವ. ವರ್ಷದಾಗ ಅರ್ಧಕ್ಕಿಂತ ಹೆಚ್ಚು ದಿನ ಹೊಳಿ ದಂಡ್ಯಾಗ, ಯಾರದೋ ಹೊಲದಾಗ, ಕುರಿ ಎಲ್ಲಿ ಕುಂತಾವೋ ಅಲ್ಲೇ ಮಲಗಿದಾಂವ. ಲೋಕಾಪುರದ ಹತ್ತಿರದ ತನ್ನ ಮನಿಗೆ ಬೀಗರು ಬಂದಂಗ ಬಂದು, ನಾಕು ದಿನ ಉಂಡು, ಕಂಬಳಿ ಹೆಗಲಿಗೆ ಹಾಕ್ಕೊಂಡು ಹೊಂಡಾಂವ. ಅಂಥಾಂವ ದೀಪಾವಳಿ ಆದ ಮ್ಯಾಲ ಒಂದು ಟಗರಿನ ಬೆನ್ನ ಹತ್ತಿ, ಕಾಲುವಿ ಏರಿ ಮ್ಯಾಲಿಂದ ಜಾರಿ ಬಿದ್ದು ಕಾಲು ಮುರಕೊಂಡ. ಜಮಖಂಡಿ ದವಾಖಾನಿಯಾಗ ಮೊಣಕಾಲ ತನಕ ಪ್ಲಾಸ್ಟರ್ ಹಾಕಿ, ಹೆಜ್ಜಿ ಊರಬ್ಯಾಡ ಅಂತ ಹೇಳಿ ಕಳಿಸಿದ್ರು. ಮಗ ಮುತ್ತಣ್ಣ ಕುರಿ ಹೊಡಕೊಂಡು ಹೋದ. ಜಕ್ಕಪ್ಪ ಪಡಸಾಲಿ ಹೊರಸಿನ ಮ್ಯಾಲ ಉಳಿದ.

ಮೊದಲ ಎಂಟು ದಿನ ಅಂವ ಕುರಿ ಇಲ್ಲದ ಸಿಟ್ಟು ಮನಿ ಮಂದಿ ಮ್ಯಾಲ ತೀರಿಸಿದ. ರೊಟ್ಟಿ ಯಾಕ ತಣ್ಣಗಾತು, ನಾಯಿ ಯಾಕ ಒದರತೈತಿ, ಬಾಗಲಾ ಯಾಕ ಹಂಗ ಬಡೀತೀರಿ. ಕಡೀಕ ಸೊಸಿ ರೇಷ್ಮಾ ತಡಕೊಳ್ಳಲಾರದ, ಓಣಿ ಕೂಸುಗಳಿಗೆ ಟೊಪ್ಪಿಗಿ ಹೆಣಿಯೋ ತನ್ನ ಎರಡು ಸೂಜಿ ತಂದು ಅವನ ಕೈಯಾಗ ಕೊಟ್ಲು. ಮಾವಾರ, ಪ್ಲಾಸ್ಟರ್ ಕಾಲಿಗೆ ಹಾಕ್ಯಾರ, ಕೈಗೆ ಹಾಕಿಲ್ಲಲ್ಲ ಅಂದ್ಲು. ಬನಹಟ್ಟಿ ನೇಕಾರ ಓಣಿಯಾಗ ಬೆಳದ ಹುಡುಗಿ, ಬಾಯಿ ಜೋರು.

ಕಂಬಳಿ ನೇದ ಕೈ ಅದು, ಸೂಜಿಗೂ ಬಗ್ಗಿತು. ಹದಿನೈದು ದಿನದಾಗ ಜಕ್ಕಪ್ಪ ಸೊಸಿಯ ಫೋನಿನ್ಯಾಗ ಮುಂದ ಗುಂಡಿ ಇರೋ ಸ್ವೆಟರ್ ನೋಡಿ, ಇಂಥಾದ್ದು ಒಂದು ಆಗಬೇಕು ಅಂತ ಹಟಾ ಹಿಡಿದ. ಕಾರ್ಡಿಗನ್ ಅಂತಾರ್ರಿ ಇದಕ್ಕ, ಕಷ್ಟ ಐತಿ ಅಂತ ರೇಷ್ಮಾ ಹೇಳಿ ನೋಡಿದ್ಲು. ಏನರ ಅನ್ಲಿ, ಕುರಿ ಮೈ ಮ್ಯಾಲ ಬಂದದ್ದು ಮನಷ್ಯಾರ ಮೈ ಮ್ಯಾಲ ಬರದ ಏನು ಅಂದ.

ಮರುದಿನ ಅಂವ ಒಲಿಯೊಳಗಿನ ಇದ್ದಲಿ ತರಿಸಿಕೊಂಡು ಹೊರಸಿನ ಬಾಜುಕಿನ ಗ್ವಾಡಿ ಮ್ಯಾಲ ಸ್ವೆಟರ್ ಬರದ. ಸಾತವ್ವ ದೀಪಾವಳಿಗೆ ಕೈಯಾರೆ ಸುಣ್ಣ ಹಚ್ಚಿದ ಗ್ವಾಡಿ. ಕರೇ ಉಣ್ಣೀದು ಮೈ, ಕೆಳಗ ಕಂಬಳಿ ಅಂಚಿನಂಗ ಬಿಳಿ ಪಟ್ಟಿ, ಕೊರಳ ಸುತ್ತ ಬೀರಪ್ಪನ ಭಂಡಾರದಾಗ ಅದ್ದಿದ ಒಂದ ಹಳದಿ ಎಳಿ. ಒಳಮಗ್ಗಲಿಗೆ ಎಲಿಯಡಕಿ ಚಂಚಿ ಹಿಡಿಯೋವಷ್ಟು ಒಂದು ಕಿಸೆ. ರೇಷ್ಮಾ ತೋಳು ಗಿಡ್ಡ ಆತು ಅಂತ ಒರಸಿದ್ಲು, ಅಂವ ಮತ್ತ ಬರದ. ಗುಂಡಿ ಆರು ಇದ್ದದ್ದು ಐದಾತು, ಮತ್ತ ಆರಾತು. ಗ್ವಾಡಿ ನೋಡಿದಾಗೊಮ್ಮೆ ಸಾತವ್ವಗ ಮೈ ಉರೀತು.

ಯಾರಿಗ್ರಿ ಇದು ಅಂತ ಕೇಳಿದ್ರ ಜಕ್ಕಪ್ಪ ಸೂಜಿ ಕಡೆ ನೋಡತಿದ್ದ, ರೇಷ್ಮಾ ಫೋನಿನ ಕಡೆ ನೋಡತಿದ್ಲು. ಮೊದಲ ಸಾತವ್ವ ಇದು ನಾಯಿಗೆ ಇರಬೇಕು ಅನಕೊಂಡ್ಲು. ಅವರ ಮುಧೋಳ ನಾಯಿಗೆ ವಯಸ್ಸಾಗಿತ್ತು, ಅದರ ಮೈ ಮ್ಯಾಲ ಉಗರಿಗೆ ಹತ್ತೋವಷ್ಟು ಕೂದಲಿದ್ದಿಲ್ಲ, ಮುಂಜಾನೆ ಚಳಿಗೆ ಗಡಗಡ ನಡಗತಿತ್ತು. ಆದ್ರ ನಾಯಿ ಎಲಿಯಡಕಿ ತಿನ್ನೂದಿಲ್ಲ. ಹಂಗಾದ್ರ ಉಳಿದಾಕಿ ಒಬ್ಬಾಕಿ, ಬೀಳಗಿಯ ಲಗಮವ್ವ.

ಲಗಮವ್ವ ಜಕ್ಕಪ್ಪನ ಅಕ್ಕ. ತಾಯಿ ತೀರಿಕೊಂಡ ಮ್ಯಾಲ ಸಣ್ಣ ತಮ್ಮನ್ನ ಎತ್ತಿ ಆಡಿಸಿ ಬೆಳಸಿದಾಕಿ, ಅದು ಖರೆ, ಇಲ್ಲ ಅನ್ನೂದಿಲ್ಲ. ಅದಕ್ಕ ವರ್ಷಾ ಮೊದಲನೇ ಕಂಬಳಿ ಆಕಿ ಮನಿಗೆ ಹೋಗತಿತ್ತು. ಸಾತವ್ವ ನೂಲತಿದ್ಲು, ಜಕ್ಕಪ್ಪ ನೇಯತಿದ್ದ, ಲಗಮವ್ವ ಹೊತಗೊಂಡು ಮಲಗತಿದ್ಲು. ಲಗ್ನಾದಾಗಿಂದ ಹಿಂಗ ನಡದಿತ್ತು. ಸಾತವ್ವ ಒಂದಿನಾನೂ ಬಾಯಿ ಬಿಟ್ಟಾಕಿ ಅಲ್ಲ. ಬಿಡಬೇಕು ಅಂದ್ರ ಗಂಡ ಮನಿಯಾಗ ಎಲ್ಲಿರತಿದ್ದ.

ಈಗ ಅಂವ ಮನಿಯಾಗ ಇದ್ದ, ಆದ್ರೂ ಆಕಿ ಏನೂ ಅನ್ನಲಿಲ್ಲ, ರಾಟಿ ಮುಂದ ಕುಂತು ನೂತ್ಲು. ಮರಿಗಳ ಮೊದಲ ಕತ್ತರಿ ಉಣ್ಣಿ, ಅದರಾಗೂ ಕೊರಳ ಹತ್ತಿರದ್ದು ಮಾತ್ರ ಆರಿಸಿ ಕೊಟ್ಟಿದ್ದ. ಇನ್ನೂ ಸಣ್ಣ ತಗಿ ಬೇ, ಮೈಗೆ ಚುಚ್ಚಬಾರದು ಅಂತ ಹೊರಸಿನ ಮ್ಯಾಲಿಂದ ಒದರತಿದ್ದ. ಇಷ್ಟು ವರ್ಷ ಕಂಬಳಿ ನಿನಗ ಚುಚ್ಚತೈತೇನು ಅಂತ ಆಕಿಗೆ ಯಾರೂ ಕೇಳಿದ್ದಿಲ್ಲ. ಲಗಮವ್ವನ ಮೈ ಏನು ಬೆಣ್ಣೀದ ಅಂತ ಮನಸಿನ್ಯಾಗ ಬೈಕೋತ ನೂತ್ಲು. ಆದ್ರ ಎಳಿ ಮಾತ್ರ ಸಣ್ಣಗ, ಒಂದೂ ಗಂಟಿಲ್ಲದ ಬಂತು. ಕೆಲಸ ಕೆಡಸೂದು ಆಕಿ ಕೈಗೆ ಬರತಿದ್ದಿಲ್ಲ.

ಇನ್ನೊಂದು ತ್ರಾಸು ಅಂದ್ರ ಅವನ ಕಣ್ಣು. ಆಕಿ ಓಣಿ ನಳದಿಂದ ಕೊಡ ಎಡ ಟೊಂಕದ ಮ್ಯಾಲ ಇಟಗೊಂಡು ಬಂದ್ರ ನೋಡತಿದ್ದ. ಖಾಲಿ ಕೈಲೆ ಬಂದ್ರೂ ನೋಡತಿದ್ದ. ಒಂದಿನ, ಸ್ವಲ್ಪ ಬಾಗಲಾಗ ನಿಲ್ಲು, ಬಿಸಲು ಕಣ್ಣಿಗೆ ಬಡಿಯಾಕತ್ತೇತಿ ಅಂದ. ಪಾಪ ಅಂತ ನಿಂತ್ರ, ಒಂದು ಕಣ್ಣು ಮುಚ್ಚಿ ಇನ್ನೊಂದ ಕಣ್ಣಿಲೆ ಅಡಿಯಿಂದ ಮುಡಿ ತನಕ ನೋಡಿದ. ಸಂತ್ಯಾಗ ಟಗರು ನೋಡಿದಂಗ ನೋಡತೀರಲ್ರಿ ಅಂತ ಬೈದು ಒಳಗ ಹೋದ್ಲು. ಒಳಗ ಹೋಗಿ, ಯಾಕೋ ಏನೋ, ಕನ್ನಡಿ ಮುಂದ ನಿಂತು ಸೆರಗು ಸರಿ ಮಾಡಿಕೊಂಡ್ಲು. ಕುಬಸದ ಬಲಗಡೆ ಹೆಗಲು ಯಾವತ್ತಿನಂಗ ಜಾರಿತ್ತು. ಲೋಕಾಪುರದ ಟೇಲರ್ ಅಮಸಿದ್ದಪ್ಪ ಎಷ್ಟು ಬೈಸಿಕೊಂಡ್ರೂ ಬಲಗಡೆ ಸಡ್ಲ ಹೊಲಿಯೂದು ಬಿಟ್ಟಿದ್ದಿಲ್ಲ. ಎರಡೂ ಕಡೆ ಒಂದ ಅಳತಿ ಐತಿ ಯವ್ವಾ, ಬೇಕಾದ್ರ ಟೇಪು ಹಿಡಿದು ನೋಡು ಅಂತ ಅಂವ ಆಣಿ ಮಾಡತಿದ್ದ. ಎಲ್ಲಾ ಟೇಲರಗೋಳು ಸುಳ್ಳ ಹೇಳತಾರ ಅನ್ನೂದು ಸಾತವ್ವನ ಖಾತ್ರಿ.

ಪ್ಲಾಸ್ಟರ್ ಬಿಚ್ಚೋ ದಿನ ಹತ್ತಿರ ಬಂತು. ಜಕ್ಕಪ್ಪ ಬೀಳಗಿಗೆ ಫೋನ್ ಮಾಡಿ, ಅಕ್ಕಾ, ಅವತ್ತ ತಪ್ಪದ ಬಾ, ನಿನಗೊಂದು ತೋರಸೂದೈತಿ ಅಂದದ್ದು ಸಾತವ್ವನ ಕಿವಿಗೆ ಬಿತ್ತು. ಇನ್ನ ಸಂಶೆ ಏನು ಉಳೀತು.

ಆ ದಿನ ಮುಂಜಾನೆ ಮಾವ ಸೊಸಿ ಇಬ್ಬರೂ ಆಟೋದಾಗ ಜಮಖಂಡಿಗೆ ಹೋದ್ರು. ಬರೂವಾಗ ಪ್ಯಾಟ್ಯಾಗ ಗುಂಡಿ ತಗೊಂಡು ಬರತೀವಿ, ಗುಂಡಿ ಹಚ್ಚಿದ್ರ ಕೆಲಸ ಮುಗೀತು ಅಂತ ರೇಷ್ಮಾ ಅಂದಿದ್ಲು. ಸಾತವ್ವ ಕಸಾ ಹೊಡದ್ಲು, ಅಡಗಿ ಮಾಡಿದ್ಲು, ಆಮ್ಯಾಲ ಉಣ್ಣಿ ಬುಟ್ಟಿ ಮ್ಯಾಲಿನ ಕಂಬಳಿ ಸರಿಸಿ ಅದನ್ನ ಹೊರಗ ತಗದ್ಲು.

ಛಲೋ ಆಗಿತ್ತು, ಹಾಳಾದ್ದು. ಕೈಗೆ ಹತ್ತಿಯಂಗ ಮೆತ್ತಗ ಹತ್ತಿತು. ಬಿಳಿ ಪಟ್ಟಿ ಹಲ್ಲಿನ ಸಾಲಿನಂಗ ಕುಂತಿತ್ತು. ಹಳದಿ ಎಳಿ ಮ್ಯಾಲ ಬೆರಳಾಡಿಸಿ, ಬೀರಪ್ಪಾ ಅಂದು, ಎರಡೂ ಹೆಗಲು ಹಿಡಿದು ಬೆಳಕಿಗೆ ಎತ್ತಿದ್ಲು. ಎತ್ತಿದಾಕಿ ಹಂಗ ನಿಂತ್ಲು. ಎಡಗಡೆ ಅಂಚು ಕೆಳಗ ಇಳದಿತ್ತು. ನೆಲದ ಮ್ಯಾಲ ಹಾಸಿ, ಮಡಿಚಿ, ಬೆರಳಿಟ್ಟು ನೋಡಿದ್ಲು. ಎಡಕ್ಕ ಎರಡು ಬೆರಳು ಹೆಚ್ಚು.

ಸುಳ್ಳ್ಯಾಕ ಹೇಳೂದು, ಆಕಿಗೆ ಒಂದು ಗಳಿಗಿ ಭಾಳ ಖುಷಿ ಆತು. ಹಾಕ್ಕೊಳ್ಳಲಿ ಲಗಮವ್ವ ಸೊಟ್ಟ ಸ್ವೆಟರ್, ಬೀಳಗಿ ತುಂಬ ತಿರಗಲಿ. ಆಮ್ಯಾಲ ಜಕ್ಕಪ್ಪನ ಮಾರಿ ನೆನಪಾತು. ನಾಲಿಗಿ ಹಲ್ಲಿನ ನಡಕ ಹಿಡಿದು, ಮುಂಜಾನಿಂದ ಸಂಜೀತನಕ ಒಂದೊಂದ ಕುಣಿಕಿ ಎಣಿಸಿ ಹೆಣದಿದ್ದ. ಲಗಮವ್ವನ ಬಾಯಿ ಆಕಿಗೆ ಗೊತ್ತಿಲ್ಲೇನು. ತಮ್ಮನ ಮ್ಯಾಲ ಜೀವಾ ಇಟ್ಟಾಕಿ ಖರೆ, ಆದ್ರ ನಗೋದು ಸಿಕ್ರ ಬಿಡಾಕಿ ಅಲ್ಲ. ನಾಕು ಮಂದಿ ಮುಂದ ನಕ್ಕರ ಈ ಮನಷ್ಯಾ ಸೂಜಿ ಒಲಿಯಾಗ ಹಾಕ್ಯಾನು. ನನ್ನ ಗಂಡಗ ನಾ ಬೈತೀನಿ, ಬ್ಯಾರೆದಾರು ಯಾಕ ನಗಬೇಕು ಅನಿಸಿತು.

ದಿನಾ ನೋಡಿ ನೋಡಿ ಹೆಣಿಕಿ ಆಕಿ ಕಣ್ಣಿಗೆ ಬಂದಿತ್ತು. ಅಂಚಿನ ಗಂಟು ಬಿಚ್ಚಿದ್ಲು. ಎಡಗಡೆ ಅಷ್ಟ ಹೆಚ್ಚಾಗಿದ್ದ ಸಾಲು ಎಳದ್ಲು, ಎಳಿ ಸರಸರ ಬಂತು. ಬಿಟ್ಟ ಕುಣಿಕಿ ಮತ್ತ ಸೂಜಿಗೆ ಏರಿಸಿ, ಬೆವರು ಒರಸಿಕೋತ ಅಂಚು ಮುಚ್ಚಿದ್ಲು. ಈಗ ಹಾಸಿದ್ರ ಎರಡೂ ಕಡೆ ಗೆರಿ ಹೊಡದಂಗ ಸರಿ. ಬುಟ್ಟಿಯಾಗ ಇಟ್ಟು ಕಂಬಳಿ ಮುಚ್ಚಿ, ದೊಡ್ಡ ಪುಣ್ಯಾ ಮಾಡಿದಾಕಿಯಂಗ ಎಲಿಯಡಕಿ ಹಾಕ್ಕೊಂಡ್ಲು.

ಮಧ್ಯಾನ್ನದ ಬಸ್ಸಿಗೆ ಲಗಮವ್ವ ಬಂದ್ಲು. ಸ್ವಲ್ಪ ಹೊತ್ತಿಗೆ ಆಟೋನೂ ಬಂತು. ಜಕ್ಕಪ್ಪ ಕೋಲು ಹಿಡಿದು ತನ್ನ ಕಾಲ ಮ್ಯಾಲ ನಡಕೋತ ಒಳಗ ಬಂದ, ಅಕ್ಕ ದೃಷ್ಟಿ ತಗದ್ಲು. ಎಲ್ಲಾರೂ ಚಾ ಕುಡಿಯೂದ್ರಾಗ ರೇಷ್ಮಾ ಮೂಲ್ಯಾಗ ಕುಂತು ಲಗುಬಗಿಲೆ ಗುಂಡಿ ಹಚ್ಚಿ ಮಾವನ ಕೈಗೆ ಕೊಟ್ಲು. ಸಾತವ್ವ ಚಾದ ಕಪ್ಪು-ಬಸಿ ಎತ್ತಿಕೊಂಡು ಒಳಗ ಹೊಂಟಿದ್ಲು. ಕೊಡೂದು ನೋಡೂದು ಬ್ಯಾಡ ಅನಿಸಿತ್ತು ಆಕಿಗೆ.

"ಎಲ್ಲಿ ಹೊಂಟಿ?" ಅಂದ ಜಕ್ಕಪ್ಪ. "ಅದನ್ನ ಇಟ್ಟು ಇಲ್ಲಿ ಬಾ. ಕೈ ಮುಂದ ಮಾಡು."

ಆಕಿಗೆ ತಿಳೀಲಿಲ್ಲ. ರೇಷ್ಮಾ ಬಂದು ಕಪ್ಪು ಕಸಗೊಂಡು, ಅತ್ತಿಯ ಕೈ ಹಿಡಿದು ಒಂದೊಂದ ತೋಳಿನಾಗ ತುರುಕಿದ್ಲು. ಗುಂಡಿ ಹಾಕಿದ್ಲು. ಉಣ್ಣಿ ಮೈಗೆ ಹತ್ತಿತು, ಎಲ್ಲೂ ಚುಚ್ಚಲಿಲ್ಲ. ಸಾತವ್ವ ಬಾಯಿ ತಗದು ಗಂಡನ ಕಡೆ ನೋಡಿದ್ಲು, ಒಳಗಿನ ಕಿಸೆ ಮುಟ್ಟಿ ನೋಡಿದ್ಲು. ಇಷ್ಟು ದಿನ ಬೈದು ಬೈದು ನೂತದ್ದು ತನಗ ಅಂತ ಗೊತ್ತಾದ ಆ ಗಳಿಗಿಗೆ ಆಕಿಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಲಗಮವ್ವ ಮೊದಲ ನಕ್ಕಳು. "ತಮ್ಮಾ, ಎಡಗಡೆ ಮ್ಯಾಲ ಹತ್ತೇತಲ್ಲೋ."

ಹತ್ತಿತ್ತು. ಬಲಗಡೆ ಅಂಚು ಕೆಳಗ, ಎಡಗಡೆ ಮ್ಯಾಲ. ಜಕ್ಕಪ್ಪನ ಮಾರಿ ಸಣ್ಣದಾತು. ಕೋಲು ಬಿಟ್ಟು ಹತ್ತಿರ ಬಂದು ಅಂಚು ಎಳದ, ಬಿಟ್ಟ, ಬೆರಳಿಟ್ಟು ಅಳದ. ಎಡಕ್ಕ ಎರಡು ಬೆರಳು ಹೆಚ್ಚ ಹಾಕಿದ್ದೆ, ಎಣಿಸೇ ಹಾಕಿದ್ದೆ, ಎಲ್ಲಿ ತಪ್ಪಿದ್ನೋ ಅಂತ ತನ್ನಷ್ಟಕ್ಕ ತಾನ ಅಂದ. ಬೇಕಂತ ಯಾಕ ಹೆಚ್ಚ ಹಾಕಿದ್ರಿ ಮಾವಾರ ಅಂತ ರೇಷ್ಮಾ ಕೇಳಿದ್ಲು.

"ಆಕಿ ಬಲ ಹೆಗಲು ಎರಡು ಬೆರಳು ಇಳದೈತಿ," ಅಂದ ಜಕ್ಕಪ್ಪ. "ಕೊಡ ಎಡಕ್ಕ ಹೊತ್ತು ಹೊತ್ತು ಮೈ ಬಲಕ್ಕ ವಾಲೇತಿ. ಎರಡೂ ಕಡೆ ಸರಿ ಹೆಣದ್ರ ಆಕಿಗೆ ಸೊಟ್ಟ ಆಗತೈತಿ."

ಸಾತವ್ವ ಎಡಗೈ ಎತ್ತಿ ತನ್ನ ಬಲ ಹೆಗಲು ಮುಟ್ಟಿಕೊಳ್ಳಾಕ ಹೋಗಿ ಕೈ ಇಳಿಸಿದ್ಲು. ಅಮಸಿದ್ದಪ್ಪನ ಟೇಪು ಸುಳ್ಳು ಹೇಳಿದ್ದಿಲ್ಲ. ಬಾಗಲಾಗ ನಿಲ್ಲಿಸಿ ಒಂದ ಕಣ್ಣಿಲೆ ನೋಡಿದ್ದು ಬಿಸಲಿಗಲ್ಲ. ಅತ್ತ ಜಕ್ಕಪ್ಪ ಇನ್ನೂ ಅಂಚು ತಿರುವ್ಯಾಡಕೋತ, ವಯಸ್ಸಾತು, ಕಣ್ಣು ಕೆಟ್ಟುವು, ನನಗ ಇದೆಲ್ಲಾ ಯಾಕ ಬೇಕಿತ್ತು ಅನ್ನಾಕತ್ತಿದ್ದ. ಸಾತವ್ವ ಸುಮ್ಮನಿದ್ರ ನಡೀತಿತ್ತು. ಯಾರಿಗೂ ಗೊತ್ತಾಗತಿದ್ದಿಲ್ಲ. ಆದ್ರ ಅವನ ಆ ಮಾರಿ ನೋಡಲಾರದ ಆಕಿ ಬಾಯಿ ಬಿಟ್ಲು.

"ನೀವು ತಪ್ಪಿಲ್ರಿ. ನಾ ಬಿಚ್ಚೀನಿ. ಲಗಮಕ್ಕಗ ಅಂತ ತಿಳದಿದ್ದೆ. ಸೊಟ್ಟ ಐತಿ ಅಂತ ನಿಮಗ ನಕ್ಕಾಳು ಅಂತ ಬಿಚ್ಚಿ ಸರಿ ಮಾಡಿದೆ."

ಲಗಮವ್ವ, ಹಂಗಾದ್ರ ಈ ವರ್ಷ ನನಗೇನೂ ಇಲ್ಲೇನು ಅಂತ ಖರೇನ ಮುನಿಸಿಲೆ ಕೇಳಿದ್ಲು. ಅದಕ್ಕ ಜಕ್ಕಪ್ಪಗ ನಗು ಬಂತು. ಕುರಿ ಕಾಯೋ ಬೈಲಿನ್ಯಾಗ ನಕ್ಕಂಗ ನಕ್ಕ, ನಾಯಿ ಎದ್ದು ಕುಂತಿತು. ರೇಷ್ಮಾ ಗ್ವಾಡಿ ಹಿಡಕೊಂಡು ನಕ್ಕಳು. ತನ್ನ ಮುನಿಸು ಮರತು ಲಗಮವ್ವನೂ ನಕ್ಕಳು.

ಬಿಚ್ಚಿ ಕೊಡತೀನಿ, ನಾಳಿಗೆ ಹೆಣೀರಿ ಅಂತ ಸಾತವ್ವ ಗುಂಡಿಗೆ ಕೈ ಹಾಕಿದ್ರ ಅಂವ ಬ್ಯಾಡ ಅಂದ. ಮೈ ಮ್ಯಾಲ ಇರಲಿ, ಈ ಸಲ ಕದ್ದು ನೋಡೂದು ಬ್ಯಾಡ, ಎದುರಿಗೇ ಅಳದು ಹೆಣಿತೀನಿ ಅಂತ ಆಕಿನ್ನ ಬಾಗಲಾಗ ನಿಲ್ಲಿಸಿ, ತಾನು ಹೊರಸು ಎಳಕೊಂಡು ಕುಂತ. ಎಡಗಡೆ ಅಂಚು ಬಿಚ್ಚಿ, ಕುಣಿಕಿ ಸೂಜಿಗೆ ಏರಿಸಿ ಹೆಣಿಯಾಕ ಸುರು ಮಾಡಿದ. ನೂಲಿನ ಉಂಡಿ ಅವನ ತೊಡಿ ಮ್ಯಾಲ, ಎಳಿ ಅವನ ಬೆರಳಿನಿಂದ ಆಕಿ ಮೈಗೆ. ಹುಟ್ಟಿದಾಗಿಂದ ಸುಮ್ಮನ ನಿಂತಾಕಿ ಅಲ್ಲ ಸಾತವ್ವ. ನಿಂತ್ಲು.

ಈ ಹೆಗಲು ಯಾವಾಗ ಇಳೀತ್ರಿ ಅಂತ ಮೆಲ್ಲಕ ಕೇಳಿದ್ಲು.

"ಇಳದು ಭಾಳ ವರ್ಷ ಆಗಿರಬೇಕು," ಅಂದ ಜಕ್ಕಪ್ಪ, ಸೂಜಿಯಿಂದ ಕಣ್ಣು ತಗೀಲಾರದ. "ನಾ ನೋಡಿದ್ದು ಈಗ."

ಓಣ್ಯಾಗ ನಳದ ಮುಂದ ಕೊಡಗಳ ಸಪ್ಪಳ ಸುರು ಆತು, ಸಂಜೀ ನೀರು ಬಿಟ್ಟಿದ್ರು. ಸಾತವ್ವ ರೂಢಿಲೆ ಹೆಜ್ಜಿ ಕಿತ್ತಳು, ಎಳಿ ಜಗ್ಗಿತು. ಅಲುಗಬ್ಯಾಡ, ಅಳತಿ ತಪ್ಪತೈತಿ ಅಂದ ಅಂವ. ಈ ಮನಿಯಾಗ ನನಗ ಕಂಬಳಿ ಅಂತೂ ಇಲ್ಲ, ಕೊಡ ಆದ್ರೂ ಸಿಕ್ಕೀತು ಅಂತ ಗೊಣಗಿಕೋತ ಲಗಮವ್ವ ಕೊಡ ಎತ್ತಿಕೊಂಡು ನಳದ ಕಡೆ ಹೋದ್ಲು. ಸಾತವ್ವ ಅಲುಗಲಿಲ್ಲ.