ನಾಲ್ಕನೆಯ ತಲೆಮಾರು

ಬೆಂಕಿಯ ಮಡಕೆಯನ್ನು ನಲ್ಲಪ್ಪ ಎತ್ತಿಕೊಳ್ಳುವಷ್ಟರಲ್ಲಿ ಚಿಕ್ಕಪ್ಪ ಬಯ್ಯಪ್ಪ ಅದರ ಹಗ್ಗಕ್ಕೆ ಕೈ ಹಾಕಿದ.

“ಬಿಡೋ. ಇದನ್ನ ನಿನ್ನ ಮಗ ರಾಮಾಂಜಿ ಹಿಡೀಬೇಕು. ಅಣ್ಣ ಸಾಯೋಕ್ಕೆ ಮುಂಚೆ ಎಲ್ರ ಮುಂದೆ ಹೇಳವ್ನೆ.”

“ಸತ್ತಿರೋದು ನಮ್ಮಪ್ಪ, ಚಿಕ್ಕಪ್ಪ.”

“ಇರ್ಬೋದು. ನೀನು ನಾಲ್ಕನೆಯವನು.”

ಅಂಗಳದಲ್ಲಿ ಮಲಗಿದ್ದವರು ದಿಬ್ಬೂರಹಳ್ಳಿಯ ಮಾಜಿ ಪಟೇಲ ಮುನಿಶಾಮಪ್ಪ. ತಲೆಯ ಬಳಿ ಕೂತಿದ್ದ ಹೆಂಡತಿ ಅಕ್ಕಯ್ಯಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು.

“ತಾನು ಮೂರನೆಯವನು, ಕೂತು ಉಣ್ಣೋನು ಅಂತ ತಾನೇ ಲೆಕ್ಕ ಹಾಕ್ಕೊಂಡ ಮಹಾನುಭಾವ. ಲೆಕ್ಕ ತಪ್ಪಿದ್ರೆ ದುಡೀಬೇಕಾಗ್ತಿತ್ತಲ್ಲ!”

ಹೆಂಗಸರಲ್ಲಿ ಒಬ್ಬಳು ನಕ್ಕು, ಬಾಯಿ ಮುಚ್ಚಿಕೊಂಡಳು. ಮಡಕೆ ಮೊಮ್ಮಗನ ಕೈಗೆ ಹೋಯಿತು.

*

ನಲ್ಲಪ್ಪ ಹುಟ್ಟಿದ ದಿನವೇ ಮುನಿಶಾಮಪ್ಪ ಜಗಲಿಯಲ್ಲಿ ಕುಳಿತು ವಂಶದ ಋತುಗಳನ್ನು ಎಣಿಸಿದ್ದರು. ಮೊದಲ ತಲೆಮಾರು ಕಟ್ಟುತ್ತದೆ, ಎರಡನೆಯದು ಬೆಳೆಸುತ್ತದೆ, ಮೂರನೆಯದು ಉಣ್ಣುತ್ತದೆ, ನಾಲ್ಕನೆಯದು ಕೆಡವುತ್ತದೆ. ಅನಂತರ ಕಾಲ ಹೊಸದಾಗಿ ಹುಟ್ಟುತ್ತದೆ. ಹಾಗಾಗಿ ಹಿಪ್ಪುನೇರಳೆ ತೋಟದ ಬೇಲಿಯನ್ನು ಸರಿಪಡಿಸುವ ಅಧಿಕಾರವೂ ನಲ್ಲಪ್ಪನಿಗೆ ದೊರೆಯಲಿಲ್ಲ. ಸರ್ಕಾರ ನಾಡಿನಾದ್ಯಂತ ವಂಶದ ಪಟೇಲಿಕೆಯನ್ನು ರದ್ದು ಮಾಡಿದಾಗ ಮುದುಕರು ಮಗನನ್ನೇ ದಿಟ್ಟಿಸಿ, “ನೋಡ್ದಾ? ಕೆಡವ್ದೆ” ಎಂದಿದ್ದರು.

ಮೊಮ್ಮಗನನ್ನು ಮಾತ್ರ ತಮ್ಮ ಹಾಸಿಗೆಯಲ್ಲೇ ಮಲಗಿಸಿಕೊಂಡು ಬೆಳೆಸಿದರು. “ನೀನು ಒಂದನೆಯವನು ಕಣಪ್ಪ.”

*

ಕೆರೆಯಂಚಿನಲ್ಲಿ ಕ್ಷೌರದ ಕೋನಪ್ಪ ಕತ್ತಿ ಮಸೆದು ಕಾಯುತ್ತಿದ್ದ. ಚಿಂತಾಮಣಿಯಲ್ಲಿ ಓದುತ್ತಿದ್ದ ಮೊಮ್ಮಗ ರಾಮಾಂಜಿನಪ್ಪನ ತುಟಿಯ ಮೇಲೆ ಹೊಸ ಮೀಸೆ. ಅದನ್ನು ಕಂಡು ಕೋನಪ್ಪ ಕೈ ತಡೆದ.

“ಬೆಂಕಿ ಇಡೋರು ಮೀಸೆ ತೆಗೆಸ್ಬೇಕು. ಅಪ್ಪ ಬದುಕಿರೋರು ತೆಗೆಸ್ಬಾರ್ದು. ನಾನೇನ್ಮಾಡ್ಲಿ ಗೌಡ್ರೇ?”

“ಬೋಳ್ಸಯ್ಯ, ಹೊತ್ತಾಯ್ತು!” ಬಯ್ಯಪ್ಪ ಗದರಿದ.

ಕೋನಪ್ಪ ಕದಲಲಿಲ್ಲ. ಎಲ್ಲರೂ ನಲ್ಲಪ್ಪನತ್ತ ತಿರುಗಿದರು. ಅವನು ಮಗನನ್ನು ಕೇಳಿದ: “ಈಗ್ಲೂ ಹೊತ್ತು ಮೀರಿಲ್ಲ. ಮಡಕೆ ಕೊಡ್ತೀಯೇನೋ?”

“ತಾತನ ಮಾತು ಮೀರೋಕಾಗಲ್ಲಪ್ಪ.”

“ಸರಿ. ಬೋಳ್ಸು ಕೋನಪ್ಪ. ಒಂದನೆಯವನಿಗೆ ಅಪ್ಪ ಎಲ್ಲಿಂದ ಬರ್ತಾನೆ?”

ರಾಮಾಂಜಿನಪ್ಪ ಕಣ್ಣು ಮುಚ್ಚಿ ಮುಖ ಕೊಟ್ಟ. ನಲ್ಲಪ್ಪ ಪಕ್ಕದ ಕಲ್ಲಿನ ಮೇಲೆ ಕುಳಿತು ತನ್ನ ಸರದಿಗಾಗಿ ಕಾದ. ಹುಡುಗ ಬೆಚ್ಚಿದಾಗ ಕತ್ತಿ ತಾಗಿತು. ಬರಿದಾದ ತುಟಿಯ ಮೇಲಿಂದ ತೆಳ್ಳಗಿನ ರಕ್ತದ ಗೆರೆಯೊಂದು ಗಲ್ಲಕ್ಕೆ ಇಳಿಯಿತು. ಒರೆಸಲೆಂದು ನಲ್ಲಪ್ಪನ ಕೈ ಹೆಗಲ ಟವಲಿನವರೆಗೆ ಹೋಗಿ, ಅಲ್ಲೇ ನಿಂತಿತು.